ಎಂ.ಟೆಕ್ ಸ್ಟ್ರಕ್ಚರಲ್ ಪಠ್ಯಕ್ರಮ: 68 ಕ್ರೆಡಿಟ್‌ಗೆ ನಿಲ್ಲಿಸುವುದೋ, 80ಕ್ಕೆ ಏರಿಸುವುದೋ? ಮಾಡಿದವರು ಅನುಭವ ಹೇಳಿ

ಕಾತ್ರಜ್, ಪುಣೆ
ನಮ್ಮ ಸ್ವಾಯತ್ತ ಕಾಲೇಜಿನ ಸ್ಟ್ರಕ್ಚರಲ್ (ಕಟ್ಟಡ, ಸೇತುವೆಗಳ ವಿನ್ಯಾಸ) ಎಂ.ಟೆಕ್ ಪಠ್ಯಕ್ರಮವನ್ನು ಹೊಸದಾಗಿ ಬರೆಯುವ ಹೊಣೆ ನನ್ನೊಬ್ಬಳ ಮೇಲೆ ಬಿದ್ದಿದೆ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ 2018ರ ಮಾದರಿಯಲ್ಲಿ ಓದಿನ ಹೊರೆ ಒಟ್ಟು 68 ಕ್ರೆಡಿಟ್. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಲೆಕ್ಕ ಹಿಡಿದರೆ ವರ್ಷಕ್ಕೆ 40, ಅಂದರೆ 80. ಅಧ್ಯಯನ ಮಂಡಳಿಯ ಸಭೆಗೆ ಆರು ವಾರ ಉಳಿದಿದೆ. ನಾಲ್ವರು ಅಧ್ಯಾಪಕರಿದ್ದೇವೆ, ಭೂಕಂಪದಂತೆ ಅಲುಗಾಡಿಸಿ ಪರೀಕ್ಷಿಸುವ ಕಂಪನ ಮೇಜು ಇಲ್ಲ. ಎಲ್ಲಿಂದ ಆರಂಭಿಸಲಿ?

ಮಾಟುಂಗಾ, ಮುಂಬಯಿ
68ನ್ನು ಬಿಟ್ಟುಕೊಡಬೇಡಿ ಮೇಡಂ. ನಮ್ಮಲ್ಲಿ 2019ರಲ್ಲಿ ನಾನೇ ಬರೆದೆ. ಪ್ರಬಂಧದ ಎರಡು ಹಂತಗಳಿಗೆ 10 ಮತ್ತು 16, ಸಂಶೋಧನಾ ವಿಧಾನಕ್ಕೆ 2 ಹೋದ ಮೇಲೆ ಕೈಯಲ್ಲಿ ಉಳಿಯುವುದು 40. ಅದರಲ್ಲಿ ಕಾಂಕ್ರೀಟಿನ ಬಾಳಿಕೆಗೆಂದೇ ಒಂದು ಪ್ರಯೋಗಾಲಯ ಬೇಕೆಂದು ಹಟ ಹಿಡಿದೆ. ಉಪ್ಪುಗಾಳಿಯ ಊರಿನಲ್ಲಿ ಕುಳಿತು ತುಕ್ಕಿನ ಪಾಠ ಮಾಡದಿದ್ದರೆ ಹೇಗೆ? ಗೋವಾದ ಮಾಂಡವಿ ಸೇತುವೆ ಬಿದ್ದದ್ದು ಅದರಿಂದಲೇ ತಾನೇ.

ಶಬ್ದತರಂಗದಿಂದ ಕಾಂಕ್ರೀಟ್ ಪರೀಕ್ಷಿಸುವ ಅಲ್ಟ್ರಾಸಾನಿಕ್ ಉಪಕರಣಕ್ಕೆ 3,18,600 ರೂಪಾಯಿ, ಕಂಬಿಯ ತುಕ್ಕನ್ನು ವೋಲ್ಟೇಜ್‌ನಿಂದ ಅಂದಾಜಿಸುವ ಹಾಫ್ ಸೆಲ್ ಮೀಟರ್‌ಗೆ 1,42,000, ಜಿಎಸ್‌ಟಿ ಬೇರೆ. ಕಡತ ಆಡಳಿತ ಮಂಡಳಿಯಿಂದ ಮೂರು ಸಲ ವಾಪಸು ಬಂತು. ಮೊದಲ ವರ್ಷ ಹಾಫ್ ಸೆಲ್‌ನ ತಾಮ್ರದ ಸಲ್ಫೇಟ್ ದ್ರಾವಣ ಒಣಗಿ, ಇಡೀ ತಂಡದ ಅಂಕಿಗಳು ತಪ್ಪಾಗಿ, ಎಲ್ಲವನ್ನೂ ಮತ್ತೆ ತೆಗೆಸಿದೆ. ಈಗ ಹುಡುಗರು ಹಳೆಯ ವಸತಿಗೃಹದ ಕಿಟಕಿಯ ಮೇಲಿನ ಸಜ್ಜದ ಕಾಂಕ್ರೀಟ್ ಹೊದಿಕೆ ಒಡೆದು, ಕಂಬಿಗೆ ತಂತಿ ಸಿಕ್ಕಿಸಿ, ಒದ್ದೆ ಸ್ಪಂಜನ್ನು ಅಂಗುಲಂಗುಲವಾಗಿ ಸರಿಸುತ್ತಾರೆ. ಅಂಕಿ ಮೈನಸ್ 350 ಮಿಲಿವೋಲ್ಟ್ ದಾಟಿ ಕೆಳಗಿಳಿದಾಗ, ಅಂದರೆ ಒಳಗೆ ತುಕ್ಕು ಬಹುತೇಕ ಖಚಿತವಾದಾಗ, ಅವರ ಮುಖ ನೋಡಬೇಕು. 80 ಕ್ರೆಡಿಟ್‌ನಲ್ಲಿ ಇದಕ್ಕೆಲ್ಲ ಪುರುಸೊತ್ತು ಎಲ್ಲಿಂದ ತರುತ್ತೀರಿ?

ಸಿಂಹಗಡ ರಸ್ತೆ, ಪುಣೆ
ಮಾಟುಂಗಾದವರು ಬರೆದದ್ದು 2019ರಲ್ಲಿ. ಕ್ರೆಡಿಟ್ ಚೌಕಟ್ಟು ಬಂದದ್ದು ಆಮೇಲೆ. ಅದು ಬಂದ ಮೇಲೆ ಬರೆಯಲು ಕುಳಿತವನು ನಾನು, ಆ ಪಾಡು ನನಗೆ ಗೊತ್ತು. ನಮ್ಮ ಸಂಸ್ಥೆ 80 ಎಂದಿತು, ನಾನೂ ಒಪ್ಪಿದೆ. ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 30 ಗಂಟೆ; ಹೆಚ್ಚಿನ 12ಕ್ಕೆ 360 ಗಂಟೆ. ಹನ್ನೊಂದು ಕರಡು ಮಾಡಿದೆ. ಜೆರಾಕ್ಸ್ ಮತ್ತು ಬೈಂಡಿಂಗ್‌ಗೆ 3,870 ರೂಪಾಯಿ ಕೈಯಿಂದ ಹಾಕಿದೆ, ಇವತ್ತಿಗೂ ಬಂದಿಲ್ಲ. ಹೊರಗಿನ ಇಬ್ಬರು ತಜ್ಞರ ಟ್ಯಾಕ್ಸಿಗೆ 4,200. ಮಾನ್ಯತೆ ಕೊಡುವ ಎನ್‌ಬಿಎ ಸ್ನಾತಕೋತ್ತರಕ್ಕೆ ಇಟ್ಟಿದ್ದದ್ದು ಮೂರೇ ಕಲಿಕಾ ಗುರಿ, ಆದರೂ ಪ್ರತಿ ವಿಷಯವನ್ನು ಅವಕ್ಕೆ ಹೊಂದಿಸಿ ತೋರಿಸುವ ಕೋಷ್ಟಕ ತುಂಬಿಸುವುದರಲ್ಲಿ ನನ್ನ ದೀಪಾವಳಿ ರಜೆ ಕಳೆಯಿತು.

18 ಸೀಟಿಗೆ ಐವರು ಸೇರಿದರು. ಗೇಟ್ ಪ್ರವೇಶ ಪರೀಕ್ಷೆಯ ಮೂಲಕ ಬಂದ ಇಬ್ಬರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಬರುತ್ತಿತ್ತು, ಉಳಿದ ಮೂವರು ಸೈಟ್‌ನಲ್ಲಿ ದುಡಿಯುತ್ತಲೇ ಓದುತ್ತಿದ್ದರು. ಮೂರನೆಯ ಸೆಮಿಸ್ಟರ್‌ನ ಹೊರೆ ತಾಳದೆ ಅವರಲ್ಲಿ ಒಬ್ಬ ಬಿಟ್ಟುಹೋದ. ಒಳ್ಳೆಯ ಹುಡುಗ. ಆ ನೋವು ನನಗೆ ಇನ್ನೂ ಇದೆ.

ಒಂದು ಕೆಲಸದ ಬಗ್ಗೆ ಮಾತ್ರ ಹೆಮ್ಮೆಯಿದೆ. ನಮಗೂ ಕಂಪನ ಮೇಜು ಇರಲಿಲ್ಲ. 1967ರ ಡಿಸೆಂಬರ್‌ನ ಕೊಯ್ನಾ ಭೂಕಂಪದ ದಾಖಲೆಯನ್ನು ಹುಡುಗರ ಕೈಗೆ ಕೊಟ್ಟು, ಅದರಿಂದ ಪ್ರತಿಕ್ರಿಯಾ ವರ್ಣಪಟಲ (ಯಾವ ಬಗೆಯ ಕಟ್ಟಡ ಎಷ್ಟು ಅಲುಗುತ್ತದೆಂಬ ರೇಖಾಚಿತ್ರ) ಬರೆಸಿ, ಭೂಕಂಪ ವಿನ್ಯಾಸದ ಭಾರತೀಯ ಮಾನಕ ಐಎಸ್ 1893ರ ವಕ್ರರೇಖೆಯ ಪಕ್ಕದಲ್ಲಿಟ್ಟು ನೋಡಿಸಿದೆ. ಒಂದು ಪೈಸೆ ಖರ್ಚಿಲ್ಲ.

ಫೋಂಡಾ, ಗೋವಾ
ಮಾಟುಂಗಾದವರೇ, ಮಾಂಡವಿ ಸೇತುವೆಯನ್ನು ನಿಮ್ಮ ಮೀಟರ್‌ಗೆ ಕಟ್ಟಬೇಡಿ. 1970ರಲ್ಲಿ ತೆರೆದ ಸೇತುವೆ 1986ರ ಜುಲೈಯಲ್ಲಿ ಕುಸಿದಾಗ ನಾನು ಶಾಲೆಯ ಹುಡುಗ. ಆಮೇಲೆ ಬೇತಿಮ್‌ನಲ್ಲಿ ಫೆರಿಗೆ ಕಾದು ಕಾದು ಪಣಜಿಗೆ ಹೋಗಿದ್ದೇನೆ. ಅಲ್ಲಿ ತುಕ್ಕು ತಿಂದದ್ದು ಪ್ರೀಸ್ಟ್ರೆಸಿಂಗ್ ಕೇಬಲ್‌ಗಳನ್ನು, ಅಂದರೆ ಕಾಂಕ್ರೀಟನ್ನು ಬಿಗಿದು ಹಿಡಿಯುವ ಉಕ್ಕಿನ ಹಗ್ಗಗಳನ್ನು. ಲೋಹದ ಡಕ್ಟ್‌ನೊಳಗಿನ (ಕೊಳವೆಯೊಳಗಿನ) ಕೇಬಲ್‌ನ ಸ್ಥಿತಿ ನಿಮ್ಮ ಹಾಫ್ ಸೆಲ್‌ಗೆ ತಿಳಿಯುವುದಿಲ್ಲ. ಇದನ್ನು ಹುಡುಗರಿಗೆ ಹೇಳುತ್ತೀರಾ?

ನಮ್ಮ ಕಥೆ ಬೇರೆ. ಅಧ್ಯಾಪಕರಿಲ್ಲದ ಐಚ್ಛಿಕ ವಿಷಯಗಳನ್ನು ಸರ್ಕಾರದ ಆನ್‌ಲೈನ್ ಪಾಠಗಳ ತಾಣ ‘ಸ್ವಯಂ’ ಮೂಲಕ ತೆಗೆದುಕೊಂಡೆವು. 2021ರ ಯುಜಿಸಿ ನಿಯಮ ಸೆಮಿಸ್ಟರ್‌ನ ಶೇ. 40ರವರೆಗೆ ಅವಕಾಶ ಕೊಡುತ್ತದೆ. ಪಾಠ ಚೆನ್ನಾಗಿತ್ತು. ಫಲಿತಾಂಶ ಮಾತ್ರ ನಮ್ಮ ಅಂಕಪಟ್ಟಿ ಮುಚ್ಚಿದ ಹತ್ತೊಂಬತ್ತು ದಿನಗಳ ಮೇಲೆ ಬಂತು. ಇಬ್ಬರ ಪದವಿ ಒಂದು ವರ್ಷ ಮುಂದೆ ಹೋಯಿತು, ಒಬ್ಬಳ ಕೈಗೆ ಬಂದ ಕೆಲಸ ಹೋಯಿತು. ದಿನಾಂಕಗಳನ್ನು ಮೊದಲೇ ಹೊಂದಿಸಿಕೊಳ್ಳದೆ ಆ ಸಾಲನ್ನು ನಿಯಮಾವಳಿಗೆ ಸೇರಿಸಿದವನು ನಾನೇ.

ಸಿಂಹಗಡ ರಸ್ತೆ, ಪುಣೆ
ಶೇ. 40 ಹೊರಗಿನಿಂದ ತರುವುದಾದರೆ ವಿಭಾಗ ಏತಕ್ಕೆ? ಇವತ್ತು ಐಚ್ಛಿಕ ವಿಷಯ, ನಾಳೆ ಫೈನೈಟ್ ಎಲಿಮೆಂಟ್‌ನಂಥ ಮುಖ್ಯ ವಿಷಯ. ಆಮೇಲೆ ಹೊಸ ನೇಮಕಾತಿಯನ್ನು ಯಾವ ಬಾಯಿಂದ ಕೇಳುತ್ತೀರಿ?

ಫೋಂಡಾ, ಗೋವಾ
ನಮ್ಮಲ್ಲಿ ನೇಮಕಾತಿ ಕೇಳಿ ಆರು ವರ್ಷವಾಯಿತು ರಾಯರೇ. ಅಲ್ಲಿಯವರೆಗೆ ಹುಡುಗರು ಪಾಠವಿಲ್ಲದೆ ಕೂರಬೇಕೇ?

ಮಾಟುಂಗಾ, ಮುಂಬಯಿ
ಡಕ್ಟ್‌ನ ಮಾತು ಒಪ್ಪುತ್ತೇನೆ, ನನ್ನ ಕೈಪಿಡಿಯ ಏಳನೆಯ ಪುಟದಲ್ಲೇ ಅದಿದೆ. ಆದರೆ ಸಾಮಾನ್ಯ ಕಂಬಿಯನ್ನೂ ಅಳೆಯಲು ಬಾರದ ಹುಡುಗ ಕೇಬಲ್ ಪರೀಕ್ಷಿಸುತ್ತಾನೆಯೇ? ಗೋವಾದವರಿಗೆ ಸೇತುವೆ ತಮ್ಮದೆಂಬ ಅಭಿಮಾನ, ನನಗೆ ನನ್ನ ಪ್ರಯೋಗಾಲಯದ ಅಭಿಮಾನ.

ಠಾಣೆ
ಇಬ್ಬರೂ ತುಕ್ಕಿನಲ್ಲೇ ಇದ್ದೀರಿ. ಮಹಾಡ್‌ನಲ್ಲಿ 2016ರ ಆಗಸ್ಟ್ 2ರ ರಾತ್ರಿ ಸಾವಿತ್ರಿ ನದಿಯ ಕಲ್ಲಿನ ಸೇತುವೆ ಪ್ರವಾಹಕ್ಕೆ ಕೊಚ್ಚಿಹೋಯಿತು. ಬಸ್ಸುಗಳು ಜನರ ಸಮೇತ ಹೋದವು. ಅಲ್ಲಿ ಕೇಬಲ್ಲೂ ಇರಲಿಲ್ಲ, ಕಂಬಿಯೂ ಇರಲಿಲ್ಲ. ನಿಮ್ಮ ಸ್ಟ್ರಕ್ಚರಲ್ ಪಠ್ಯಕ್ರಮದಲ್ಲಿ ಬುನಾದಿಯ ಸುತ್ತ ಮಣ್ಣು ಕೊರೆಯುವ ನೀರಿಗೆ ಒಂದಾದರೂ ಕ್ರೆಡಿಟ್ ಇದೆಯೇ?

ಕಾತ್ರಜ್, ಪುಣೆ
ಸಿಂಹಗಡ ರಸ್ತೆಯ ಸರ್, ಆ ಕೊಯ್ನಾ ಅಭ್ಯಾಸದ ಹಾಳೆ ಕಳುಹಿಸಿಕೊಡುತ್ತೀರಾ? ಅದಕ್ಕೆ ಎಷ್ಟು ಕ್ರೆಡಿಟ್ ಕೊಟ್ಟಿದ್ದಿರಿ?

ಸಿಂಹಗಡ ರಸ್ತೆ, ಪುಣೆ
ಒಂದು, ಅಮ್ಮಾ. ವಾರಕ್ಕೆ ಎರಡು ಗಂಟೆ ಪ್ರಯೋಗ. ಎರಡು ಕೇಳಿದ್ದೆ, ಮಂಡಳಿಯಲ್ಲಿ ಕತ್ತರಿಸಿದರು. ಹಾಳೆ ಇಂದು ರಾತ್ರಿ ಕಳುಹಿಸುತ್ತೇನೆ. ಠಾಣೆಯವರೇ, ನೀರಿನ ಪಾಠಕ್ಕೆ ನಮ್ಮ ಅಧ್ಯಾಪಕರು ಯಾರು, ಅದನ್ನು ಮೊದಲು ಹೇಳಿ.