ಮಿಲಿಟರಿ ಬಂದರೆ ವಿಜ್ಞಾನ ಉದ್ಧಾರ ಆಗುತ್ತಾ?

ಶಂಕರಘಟ್ಟ_ಹಾಸ್ಟೆಲ್:
ಮುಂದಿನ ವಾರ ನಮ್ಮಲ್ಲಿ ಚರ್ಚಾಸ್ಪರ್ಧೆ. ಎದುರು ತಂಡದ ವಾದ ಈಗಲೇ ಕಿವಿಗೆ ಬಿದ್ದಿದೆ: ಮಿಲಿಟರಿ ಆಡಳಿತ ಇದ್ದರೆ ಮುಷ್ಕರ ಇಲ್ಲ, ಗಲಾಟೆ ಇಲ್ಲ, ದುಡ್ಡು ನೇರ ಲ್ಯಾಬಿಗೆ ಹೋಗುತ್ತೆ, ಬ್ರೆಜಿಲ್ ನೋಡಿ ಅಂತ. ಅಲ್ಲಿ 1964ರಿಂದ 1985ರವರೆಗೆ ಸೇನೆಯದ್ದೇ ದರ್ಬಾರು, ಕೃಷಿ ಸಂಶೋಧನೆಯ ಎಂಬ್ರಾಪಾ ಶುರುವಾಗಿದ್ದೂ 1973ರಲ್ಲಿ. ಇದಕ್ಕೆ ಏನು ಹೇಳೋದು? ನನಗೆ ಗೊತ್ತಿರೋದು ಅರ್ಜೆಂಟೀನಾದಲ್ಲಿ ಪ್ರೊಫೆಸರ್‌ಗಳಿಗೆ ಹೊಡೆದಿದ್ದು ಮಾತ್ರ.

ಸಾಗರದ_ಮೇಷ್ಟ್ರು:
ಅಲ್ಲಿಂದಲೇ ಶುರು ಮಾಡು ಮಾರಾಯ. 1966ರ ಜುಲೈ 29ರ ರಾತ್ರಿ, ಸೇನಾ ದಂಗೆಯಿಂದ ಜನರಲ್ ಒಂಗಾನಿಯಾ ಅಧಿಕಾರಕ್ಕೆ ಬಂದು ಒಂದು ತಿಂಗಳಾಗಿತ್ತು ಅಷ್ಟೇ. ವಿಶ್ವವಿದ್ಯಾಲಯದ ಸ್ವಾತಂತ್ರ್ಯ ಕಿತ್ತುಕೊಂಡಿದ್ದಕ್ಕೆ ಬ್ಯೂನಸ್ ಐರಿಸ್‌ನ ವಿಜ್ಞಾನ ವಿಭಾಗದವರು ಕಟ್ಟಡದೊಳಗೆ ಕೂತರು. ಪೊಲೀಸರು ನುಗ್ಗಿದರು, ಎರಡು ಸಾಲಾಗಿ ನಿಂತು ನಡುವೆ ಒಬ್ಬೊಬ್ಬರನ್ನೇ ಹಾಯಿಸಿ ಉದ್ದನೆ ಲಾಠಿಯಲ್ಲಿ ಬಾರಿಸಿದರು. ಡೀನ್ ರೊಲಾಂಡೊ ಗಾರ್ಸಿಯಾಗೂ ಬಿತ್ತು. ಪಾಠ ಮಾಡಲು ಬಂದಿದ್ದ ಅಮೆರಿಕದ ಗಣಿತಜ್ಞ ವಾರೆನ್ ಆಂಬ್ರೋಸ್ ಅವರನ್ನೂ ಬಿಡಲಿಲ್ಲ, ಅವರು ನ್ಯೂಯಾರ್ಕ್ ಟೈಮ್ಸ್‌ಗೆ ಪತ್ರ ಬರೆದು ಎಲ್ಲ ಹೇಳಿದರು. ಆಮೇಲೆ ಸಾಲುಸಾಲು ರಾಜೀನಾಮೆ, ನೂರಾರು ಜನ ದೇಶವನ್ನೇ ಬಿಟ್ಟರು. ಅಲ್ಲೊಂದು ಕಂಪ್ಯೂಟರ್ ಇತ್ತು, ಇಂಗ್ಲೆಂಡಿನಿಂದ ತರಿಸಿದ್ದು, ಹೆಸರು ಕ್ಲೆಮೆಂಟಿನಾ. ಯಂತ್ರ ಇದ್ದಲ್ಲೇ ಇತ್ತು, ಅದನ್ನು ನಡೆಸುತ್ತಿದ್ದ ಮ್ಯಾನುಯೆಲ್ ಸಾಡೋಸ್ಕಿ ತಂಡ ಚದುರಿ ಹೋಯಿತು.

ನವಿಲೆ_ಅಗ್ರಿ:
ಬ್ರೆಜಿಲ್ ವಿಷಯದಲ್ಲಿ ಅವರು ಹೇಳೋದು ಪೂರ್ತಿ ಸುಳ್ಳಲ್ಲ. ಸುಮ್ನೆ ತಳ್ಳಿಹಾಕಲು ಹೋದರೆ ಸಿಕ್ಕಿಬೀಳುತ್ತೀರಿ. ದುಡ್ಡು ಸುರಿದಿದ್ದು ನಿಜ. ಅಲ್ಲಿನ ಸೆರಾಡೊ ಬಯಲಿನದೂ ನಮ್ಮ ಹಾಗೆ ಹುಳಿ ಮಣ್ಣು. ನಾವು ಅಡಿಕೆ ತೋಟಕ್ಕೆ ಸುಣ್ಣ ಹಾಕುತ್ತೇವಲ್ಲ, ಅವರು ಬಯಲಿಗೆ ಬಯಲೇ ಸುಣ್ಣ ಹಾಕಿ ಸೋಯಾ ಬೆಳೆದರು. ಆದರೆ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬೇರಿನ ಬ್ಯಾಕ್ಟೀರಿಯಾ ಬಳಸಿ ಸೋಯಾಕ್ಕೆ ಯೂರಿಯಾ ಖರ್ಚು ಉಳಿಸಿದವರಲ್ಲಿ ಮುಖ್ಯರಾದ ಯೊಹಾನ್ನಾ ಡೋಬರೈನರ್ ಅಲ್ಲಿ ಕೆಲಸಕ್ಕೆ ಸೇರಿದ್ದು 1950ರ ದಶಕದಲ್ಲಿ, ದಂಗೆಗೆ ಎಷ್ಟೋ ಮೊದಲು. ಸಸಿ ನೆಟ್ಟವರು ಯಾರೋ, ಕೊನೆ ಇಳಿಸಿದವರು ಯಾರೋ. ಇನ್ನೊಂದು, ಅದೇ ಸರ್ಕಾರ 1970ರಲ್ಲಿ ರಿಯೊದ ಓಸ್ವಾಲ್ಡೊ ಕ್ರೂಜ್ ಸಂಸ್ಥೆಯ 10 ವಿಜ್ಞಾನಿಗಳನ್ನು ಹೊರಗೆ ಹಾಕಿತು. ಬ್ರೆಸಿಲಿಯಾ ವಿಶ್ವವಿದ್ಯಾಲಯದಲ್ಲಂತೂ 1965ರಲ್ಲೇ 200ಕ್ಕೂ ಜಾಸ್ತಿ ಅಧ್ಯಾಪಕರು ಒಟ್ಟಿಗೆ ರಾಜೀನಾಮೆ ಬಿಸಾಕಿದ್ದರು. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ತುಕೊಂಡ ಲೆಕ್ಕ ಅಲ್ವಾ?

ತೀರ್ಥಹಳ್ಳಿ_ಮಳೆ:
ಮುಷ್ಕರ ಇರಲಿಲ್ಲ ಅಂತಾರಲ್ಲ, ಯಾಕಿರಲಿಲ್ಲ ಅಂತ ವಾಪಸ್ ಕೇಳಿ. ಬ್ರೆಜಿಲ್‌ನ 1969ರ 477ನೇ ಆದೇಶ ಓದಿ: ಮುಷ್ಕರಕ್ಕೆ ಇಳಿದ ವಿದ್ಯಾರ್ಥಿ 3 ವರ್ಷ ಯಾವ ಕಾಲೇಜಿಗೂ ಸೇರುವ ಹಾಗಿಲ್ಲ, ಮೇಷ್ಟ್ರಾದರೆ 5 ವರ್ಷ ಕೆಲಸ ಇಲ್ಲ.

ಶಂಕರಘಟ್ಟ_ಹಾಸ್ಟೆಲ್:
ಹಾಗಾದರೆ ಎಂಬ್ರಾಪಾ ಹೆಸರು ಅವರಿಗಿಂತ ಮೊದಲು ನಾನೇ ತೆಗೆಯುತ್ತೇನೆ. 477 ಮಾತ್ರ ಕೊನೆ ಸುತ್ತಿಗೆ ಇಟ್ಟುಕೊಳ್ಳುತ್ತೇನೆ, ಯಾರೂ ಬಾಯಿ ಬಿಡಬೇಡಿ.