ಪ್ರಶ್ನೋತ್ತರ: ಮನೆಯ ವಿದ್ಯುತ್ ಬಳಕೆ ಅಳೆಯುವ ಓಪನ್ ಸೋರ್ಸ್ ಯೋಜನೆಯ ಕೈಪಿಡಿಯನ್ನು ಎಲ್ಲಿಂದ ತಿದ್ದಬೇಕು?

ಪ್ರಶ್ನೆ (ಪಾಲಿಟೆಕ್ನಿಕ್ ಒಂದರ ಎಲೆಕ್ಟ್ರಾನಿಕ್ಸ್ ಉಪನ್ಯಾಸಕರಿಂದ):

ಮೇಡಂ, ನಮಸ್ಕಾರ. ಉತ್ತರ ವೇಲ್ಸ್‌ನಲ್ಲಿ ನೆಲೆಗೊಂಡಿರುವ ಓಪನ್‌ಎನರ್ಜಿಮಾನಿಟರ್ ಯೋಜನೆಯ ಹಾರ್ಡ್‌ವೇರ್ ಮತ್ತು ತಂತ್ರಾಂಶಗಳನ್ನು ನಮ್ಮ ಪ್ರಯೋಗಾಲಯದಲ್ಲಿ ಬಳಸುತ್ತಿದ್ದೇವೆ. ಮನೆಗೆ ವಿದ್ಯುತ್ ತರುವ ತಂತಿಯ ಸುತ್ತ ಕಚ್ಚಿಸುವ ಸಿಟಿ ಸೆನ್ಸರ್, ಅದರ ಸಂಕೇತವನ್ನು ಓದುವ ಎಮನ್‌ಟಿಎಕ್ಸ್ ಅಥವಾ ಎಮನ್‌ಪೈ, ಓದಿದ ಅಂಕಿಗಳನ್ನು ಉಳಿಸಿ ಗ್ರಾಫ್ ತೋರಿಸುವ ಎಮನ್‌ಸಿಎಂಎಸ್ ಎಂಬ ತಂತ್ರಾಂಶ, ಇವಿಷ್ಟು ಅದರ ಮುಖ್ಯ ಭಾಗಗಳು. ಮಾಹಿತಿಗೆ ಬರವಿಲ್ಲ. ಆದರೆ ತತ್ತ್ವ ವಿವರಿಸುವ ಪುಟಗಳು ಒಂದು ಕಡೆ, ಅಳವಡಿಕೆಯ ಸೂಚನೆಗಳು ಇನ್ನೊಂದು ಕಡೆ, ಪ್ರೋಗ್ರಾಂಗಳನ್ನು ಇಟ್ಟಿರುವ ಗಿಟ್‌ಹಬ್ ತಾಣದ ರೀಡ್‌ಮೀ (ಪರಿಚಯ) ಕಡತಗಳು ಮತ್ತೊಂದು ಕಡೆ ಇರುವುದರಿಂದ ವಿದ್ಯಾರ್ಥಿಗಳು ದಾರಿ ತಪ್ಪುತ್ತಾರೆ. ಈ ಡಾಕ್ಯುಮೆಂಟೇಶನ್ ಸುಧಾರಿಸಲು ಕೈಜೋಡಿಸಬೇಕೆಂದಿದ್ದೇನೆ, ಮತ್ತು ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಬರೆಯುವುದೇ ಸರಿಯೆಂದು ನನಗನಿಸುತ್ತದೆ. ತಾಂತ್ರಿಕ ಬರವಣಿಗೆಯನ್ನೇ ವೃತ್ತಿಯಾಗಿಸಿಕೊಂಡಿರುವ ನೀವು ಏನು ಹೇಳುತ್ತೀರಿ?

ಉತ್ತರ:

ನಮಸ್ಕಾರ ಸರ್. ಹೊಸದಾಗಿ ಬರೆಯುವ ಯೋಚನೆಯನ್ನು ದಯವಿಟ್ಟು ಸದ್ಯಕ್ಕೆ ಬದಿಗಿಡಿ. ಹಲವು ವರ್ಷಗಳಿಂದ ಬೆಳೆದು ಬಂದ ಇಂಥ ಯೋಜನೆಯ ಬರಹಗಳಲ್ಲಿ ಕಡಿಮೆಯಾಗಿರುವುದು ವಿಷಯವಲ್ಲ. ತಾನು ಓದುತ್ತಿರುವ ಪುಟ ತನ್ನ ಕೈಯಲ್ಲಿರುವ ಉಪಕರಣಕ್ಕೆ ಸಂಬಂಧಿಸಿದ್ದೇ ಹೌದೇ ಎಂಬ ಖಾತ್ರಿ ಓದುಗರಿಗೆ ಸಿಗುವುದಿಲ್ಲ. ಎಮನ್‌ಟಿಎಕ್ಸ್‌ನ 3ನೆಯ ಆವೃತ್ತಿಯಲ್ಲಿ ಎಟಿಮೆಗಾ328 ಚಿಪ್ ಇತ್ತು, ಅದಕ್ಕೆ 100 ಆಂಪಿಯರ್‌ಗೆ 50 ಮಿಲಿಆಂಪಿಯರ್ ಕೊಡುವ ಎಸ್‌ಸಿಟಿ-013-000 ಸೆನ್ಸರ್ ಬಳಸುತ್ತಿದ್ದರು. 4ನೆಯ ಆವೃತ್ತಿ ಬೇರೆ ಚಿಪ್‌ಗೆ ಹೋಯಿತು, ಸೆನ್ಸರ್ ಕೂಡ ಕರೆಂಟ್ ಬದಲು 333 ಮಿಲಿವೋಲ್ಟ್ ಕೊಡುವ ಬಗೆಯದಾಯಿತು. ಎರಡೂ ಪುಟಗಳಲ್ಲಿ ‘ಸೆನ್ಸರನ್ನು ಜ್ಯಾಕ್‌ಗೆ ಚುಚ್ಚಿ’ ಎಂಬ ಒಂದೇ ಸೂಚನೆ ಇದ್ದರೆ, ಹಳೆಯ ಸೆನ್ಸರನ್ನು ಹೊಸ ಉಪಕರಣಕ್ಕೆ ಚುಚ್ಚಿದವರು ತಪ್ಪು ಅಂಕಿಯನ್ನು ನೋಡಿ, ಹಾಳಾದದ್ದು ಉಪಕರಣವೋ ತಮ್ಮ ಬುದ್ಧಿಯೋ ಎಂದು ತಿಳಿಯದೆ ಕೂರುತ್ತಾರೆ.

ಆದ್ದರಿಂದ ನೀವು ಮಾಡಬಹುದಾದ ಮೊದಲ ಕೆಲಸವೆಂದರೆ ಪ್ರತಿ ಪುಟದ ತಲೆಯಲ್ಲಿ ಎರಡು ಸಾಲು ಸೇರಿಸುವುದು: ಈ ಪುಟ ಯಾವ ಹಾರ್ಡ್‌ವೇರ್ ಆವೃತ್ತಿಗೆ ಮತ್ತು ಯಾವ ಫರ್ಮ್‌ವೇರ್‌ಗೆ (ಉಪಕರಣದೊಳಗಿನ ತಂತ್ರಾಂಶಕ್ಕೆ) ಅನ್ವಯಿಸುತ್ತದೆ, ಕೊನೆಯ ಬಾರಿ ಇದನ್ನು ಉಪಕರಣದ ಮುಂದೆ ಕುಳಿತು ಪರೀಕ್ಷಿಸಿದ್ದು ಯಾವಾಗ. ಇದಕ್ಕೆ ಬರೆಯುವ ಪ್ರತಿಭೆ ಬೇಕಿಲ್ಲ, ಉಪಕರಣ ಬೇಕು; ಅದು ನಿಮ್ಮ ಪ್ರಯೋಗಾಲಯದಲ್ಲಿದೆ, ನನ್ನಂಥ ಬರಹಗಾರರ ಮೇಜಿನ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ.

ಹಳೆಯ ಪುಟಗಳನ್ನು ಅಳಿಸಬೇಡಿ. ಹಳೆಯ ಉಪಕರಣ ಇಂದಿಗೂ ಎಷ್ಟೋ ಮನೆಗಳಲ್ಲಿ ಕೆಲಸ ಮಾಡುತ್ತಿರುತ್ತದೆ, ಅಂತರ್ಜಾಲದ ನೂರಾರು ಉತ್ತರಗಳು ಆ ಪುಟಗಳಿಗೇ ಕೊಂಡಿ ಕೊಟ್ಟಿರುತ್ತವೆ. ವಿಳಾಸವನ್ನು ಹಾಗೆಯೇ ಉಳಿಸಿಕೊಂಡು, ಇದು ಹಳೆಯ ಆವೃತ್ತಿಯದು, ಹೊಸದು ಇಲ್ಲಿದೆ ಎಂಬ ಸೂಚನೆಯ ಸಾಲನ್ನು ಮೇಲೆ ಅಂಟಿಸಿದರೆ ಸಾಕು.

ಇದಾದ ಮೇಲಷ್ಟೇ ಜೋಡಣೆಯ ಮಾತು. ನಮ್ಮ ವೃತ್ತಿಯಲ್ಲಿ ಡಯಾಟ್ಯಾಕ್ಸಿಸ್ ಎಂಬ ಕ್ರಮ ಬಳಕೆಯಲ್ಲಿದೆ. ಕಲಿಸುವ ಪಾಠ, ಕೆಲಸ ಮಾಡಿಸುವ ಸೂಚನೆ, ಹುಡುಕಿ ನೋಡುವ ಕೋಷ್ಟಕ, ಕಾರಣ ತಿಳಿಸುವ ವಿವರಣೆ ಎಂದು ಬರಹವನ್ನು ನಾಲ್ಕಾಗಿ ಬೇರ್ಪಡಿಸುವುದು ಅದರ ಸಾರ. ಇಂಥ ಯೋಜನೆಗಳನ್ನು ಕಟ್ಟುವವರು ವಿವರಣೆಯನ್ನು ಪ್ರೀತಿಸುವ ಎಂಜಿನಿಯರುಗಳಾದ್ದರಿಂದ ಅದು ಎಲ್ಲ ಕಡೆಗೂ ನುಗ್ಗಿಬಿಡುತ್ತದೆ. ಮೀಟರ್ ಬೋರ್ಡಿನ ಮುಂದೆ ಒಂದು ಕೈಯಲ್ಲಿ ಮೊಬೈಲ್, ಇನ್ನೊಂದು ಕೈಯಲ್ಲಿ ಸೆನ್ಸರ್ ಹಿಡಿದು ನಿಂತವರಿಗೆ ಪವರ್ ಫ್ಯಾಕ್ಟರ್‌ನ ಸಮೀಕರಣ ಬೇಕಿಲ್ಲ. ಅದೇ ವ್ಯಕ್ತಿ ರಾತ್ರಿ ಊಟದ ನಂತರ ಕುಳಿತಾಗ ಆ ಸಮೀಕರಣವನ್ನೇ ಹುಡುಕಬಹುದು. ಎರಡಕ್ಕೂ ಪುಟ ಇರಲಿ, ಆದರೆ ಒಂದೇ ಪುಟ ಬೇಡ.

ಅದೇ ಎಳೆಯಲ್ಲಿ ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ:

ಮೇಡಂ, ನಾನು ಆರ್ಡುಯಿನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡ್ ಮತ್ತು ಈ ಯೋಜನೆಯದೇ ಎಮನ್‌ಲಿಬ್ ಲೈಬ್ರರಿ (ಸಿದ್ಧ ಪ್ರೋಗ್ರಾಂ ಸಂಗ್ರಹ) ಬಳಸಿ ಇದೇ ಮಾಪಕವನ್ನು ನಾನೇ ಕಟ್ಟಿಕೊಂಡೆ. ಮಾದರಿ ಪ್ರೋಗ್ರಾಂನಲ್ಲಿದ್ದ 111.1 ಎಂಬ ಕ್ಯಾಲಿಬ್ರೇಶನ್ ಅಂಕಿಯನ್ನು ಹಾಗೆಯೇ ಇಟ್ಟೆ. 2 ಕಿಲೋವ್ಯಾಟ್ ಗೀಸರ್ ಹಾಕಿದರೆ 3.6 ಕಿಲೋವ್ಯಾಟ್‌ಗಿಂತಲೂ ಹೆಚ್ಚು ತೋರಿಸುತ್ತದೆ. ಇದು ಕೈಪಿಡಿಯ ಲೋಪವೇ?

ಉತ್ತರ:

ನಿಮ್ಮ ಬರ್ಡನ್ ರೆಸಿಸ್ಟರ್, ಅಂದರೆ ಸೆನ್ಸರಿನ ಕರೆಂಟನ್ನು ವೋಲ್ಟೇಜ್ ಆಗಿಸುವ ರೆಸಿಸ್ಟರ್, 33 ಓಮ್‌ನದ್ದು ಎಂದು ಊಹಿಸುತ್ತೇನೆ, ಏಕೆಂದರೆ ಲೆಕ್ಕ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಎಸ್‌ಸಿಟಿ-013-000 ಸೆನ್ಸರಿನ ಅನುಪಾತ 2000ಕ್ಕೆ 1. ಕ್ಯಾಲಿಬ್ರೇಶನ್ ಅಂಕಿಯೆಂದರೆ ಆ 2000ವನ್ನು ಬರ್ಡನ್ ರೆಸಿಸ್ಟರಿನ ಬೆಲೆಯಿಂದ ಭಾಗಿಸಿದಾಗ ಬರುವುದು. 18 ಓಮ್ ಆದರೆ 111.1, 22 ಆದರೆ 90.9, 33 ಆದರೆ 60.6. ನೀವು 60.6 ಹಾಕಬೇಕಾದ ಕಡೆ 111.1 ಇಟ್ಟಿದ್ದೀರಿ, ಹಾಗಾಗಿ ಎಲ್ಲ ಅಂಕಿಗಳೂ 1.83 ಪಟ್ಟು ಹಿಗ್ಗಿವೆ.

ಈ 33 ಎಲ್ಲಿಂದ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ, ಕೈಪಿಡಿ ತಿದ್ದುವವರಿಗೆ ಇದು ಬೇಕಾಗುತ್ತದೆ. 100 ಆಂಪಿಯರ್‌ನ ಅಲೆಯ ತುದಿ 141.4 ಆಂಪಿಯರ್, ಅದನ್ನು 2000ದಿಂದ ಭಾಗಿಸಿದರೆ ಸೆನ್ಸರಿನಿಂದ ಹೊರಬರುವುದು 0.0707 ಆಂಪಿಯರ್. 5 ವೋಲ್ಟ್ ಆರ್ಡುಯಿನೊದಲ್ಲಿ ಸಂಕೇತಕ್ಕೆ ಮೇಲೆ ಕೆಳಗೆ ತಲಾ 2.5 ವೋಲ್ಟ್ ಜಾಗವಿರುವುದರಿಂದ 35.4 ಓಮ್ ಬರುತ್ತದೆ, ಅಂಗಡಿಯಲ್ಲಿ ಸಿಗುವ ಹತ್ತಿರದ ಕೆಳಗಿನ ಬೆಲೆ 33. 3.3 ವೋಲ್ಟ್ ಬೋರ್ಡಿಗೆ ಇದೇ ಲೆಕ್ಕ ಮಾಡಿದರೆ 23.3 ಬರುತ್ತದೆ, ಹಾಗಾಗಿ 22 ಓಮ್.

ಕೈಪಿಡಿಯ ಲೋಪವೇ ಎಂದು ಕೇಳಿದ್ದೀರಿ. ವಿವರಣೆಯ ಪುಟದಲ್ಲಿ ಈ ಲೆಕ್ಕವೆಲ್ಲ ಎಷ್ಟೇ ಚೆನ್ನಾಗಿದ್ದರೂ, ಜನ ನಕಲು ಮಾಡಿಕೊಳ್ಳುವುದು ಪ್ರೋಗ್ರಾಂನ ಸಾಲನ್ನು. ನಕಲಾಗಿ ಹೋಗುವ ಸಾಲಿನ ಪಕ್ಕದಲ್ಲೇ ಇಲ್ಲದ ಎಚ್ಚರಿಕೆ ಇದ್ದೂ ಇಲ್ಲದಂತೆ. ಆದ್ದರಿಂದ ಆ ಸಾಲಿನ ಕಾಮೆಂಟ್ ‘ಇಲ್ಲಿ ಕ್ಯಾಲಿಬ್ರೇಶನ್ ಅಂಕಿ’ ಎಂದಷ್ಟೇ ಹೇಳಬಾರದು, ‘2000 ಭಾಗಿಸು ನಿಮ್ಮ ಬರ್ಡನ್ ರೆಸಿಸ್ಟರ್, 33 ಓಮ್ ಆದರೆ 60.6’ ಎಂದು ಹೇಳಬೇಕು. ಇಷ್ಟನ್ನು ತಿದ್ದಿ ಕಳುಹಿಸಿದರೆ ಅದು ಹತ್ತು ಪುಟ ಬರೆದುದಕ್ಕಿಂತ ದೊಡ್ಡ ಉಪಕಾರ. ನೀವೇ ಕಳುಹಿಸಿ, ಈ ತೊಡಕನ್ನು ಅನುಭವಿಸಿದವರು ನೀವಾದ್ದರಿಂದ ನಿಮ್ಮಷ್ಟು ಸರಿಯಾಗಿ ಅದನ್ನು ಬೇರೆಯವರು ಬರೆಯಲಾರರು.

ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೊಬ್ಬರ ಪ್ರಶ್ನೆ:

ಮೇಡಂ, ಇಂಥ ಕೈಪಿಡಿಗಳ ಆರಂಭದಲ್ಲಿ ಕೆಂಪು ಚೌಕದೊಳಗೆ ದೊಡ್ಡ ಎಚ್ಚರಿಕೆ ಇರುತ್ತದೆ, ಯಾರೂ ಓದುವುದಿಲ್ಲ. ಸುರಕ್ಷತೆಯ ಮಾತನ್ನು ಹೇಗೆ ಬರೆಯಬೇಕು?

ಉತ್ತರ:

ಒಂದೇ ಕಡೆ ಗುಡ್ಡೆ ಹಾಕದೆ, ಅಪಾಯವಿರುವ ಹೆಜ್ಜೆಗೆ ಸರಿಯಾಗಿ ಮೊದಲು ಬರೆಯಬೇಕು. ಕರೆಂಟ್ ಕೊಡುವ ಬಗೆಯ ಸಿಟಿ ಸೆನ್ಸರನ್ನು ತಂತಿಗೆ ಕಚ್ಚಿಸಿಟ್ಟು ಇನ್ನೊಂದು ತುದಿಯನ್ನು ಎಲ್ಲಿಗೂ ಜೋಡಿಸದೆ ಬಿಟ್ಟರೆ ಆ ತುದಿಯಲ್ಲಿ ಅಪಾಯಕಾರಿ ವೋಲ್ಟೇಜ್ ಏಳಬಹುದು ಎಂಬುದು ನಿಮಗೆ ಗೊತ್ತಿದ್ದದ್ದೇ. ಇದನ್ನು ಎಚ್ಚರಿಕೆಯ ಚೌಕದಲ್ಲಿ ಹಾಕುವ ಬದಲು ಹೆಜ್ಜೆಗಳ ಅನುಕ್ರಮದಲ್ಲೇ ಸೇರಿಸಬಹುದು: ‘ಮೊದಲು ಜ್ಯಾಕನ್ನು ಉಪಕರಣಕ್ಕೆ ಚುಚ್ಚಿ. ಆಮೇಲೆ ಸೆನ್ಸರನ್ನು ತಂತಿಗೆ ಕಚ್ಚಿಸಿ. ತೆಗೆಯುವಾಗ ಮೊದಲು ತಂತಿಯಿಂದ ಸೆನ್ಸರ್, ನಂತರ ಜ್ಯಾಕ್.’ ಈ ಕ್ರಮವನ್ನು ಪಾಲಿಸಿದವರು ಕಾರಣ ಓದದಿದ್ದರೂ ಸುರಕ್ಷಿತವಾಗಿರುತ್ತಾರೆ.

ಅದೇ ಜಾಗದಲ್ಲಿ ಇನ್ನೆರಡು ಮಾತು. ಸೆನ್ಸರ್ ಫೇಸ್ ತಂತಿಯೊಂದರ ಸುತ್ತ ಮಾತ್ರ ಇರಬೇಕು; ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಸೇರಿಸಿ ಕಚ್ಚಿಸಿದರೆ ಎರಡರ ಪ್ರವಾಹ ಒಂದನ್ನೊಂದು ಅಳಿಸಿ ಸೊನ್ನೆ ಬರುತ್ತದೆ. ಹಾಗೆಯೇ ವೋಲ್ಟೇಜನ್ನೂ ಅಳೆಯುತ್ತಿರುವಾಗ ಸೆನ್ಸರನ್ನು ತಿರುಗಾಮುರುಗಾ ಹಾಕಿದರೆ ಅಂಕಿಯ ಮುಂದೆ ಮೈನಸ್ ಚಿಹ್ನೆ ಬರುತ್ತದೆ. ಸೋಲಾರ್ ಇಲ್ಲದ ಮನೆಯಲ್ಲಿ ಇದನ್ನು ಕಂಡವರು ತಬ್ಬಿಬ್ಬಾಗುತ್ತಾರೆ. ಇವೆರಡನ್ನೂ ದೋಷ ಪರಿಹಾರದ ಪುಟದಲ್ಲಿ ಬಚ್ಚಿಡದೆ ಆ ಹೆಜ್ಜೆಯ ಕೆಳಗೇ ‘ಈಗ ಪರದೆಯ ಮೇಲೆ ಏನು ಕಾಣಬೇಕು’ ಎಂದು ಬರೆದರೆ ಓದುಗರು ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಿಕೊಳ್ಳಬಹುದು. ಮೀಟರಿನ ಸೀಲ್ ಮುಟ್ಟಬಾರದು, ಸೆನ್ಸರ್ ಏನಿದ್ದರೂ ಮೀಟರ್ ದಾಟಿದ ಮೇಲಿನ ತಂತಿಗೆ ಎಂಬ ಮಾತನ್ನು ಮಾತ್ರ ಎಷ್ಟು ಸಲ ಹೇಳಿದರೂ ತಪ್ಪಿಲ್ಲ.

ಮತ್ತೊಬ್ಬ ಸದಸ್ಯರು:

ನನ್ನ ಎಮನ್‌ಸಿಎಂಎಸ್‌ನಲ್ಲಿ ಅಂಕಿಗಳು ಬರುತ್ತಿರುವುದು ಕಾಣುತ್ತದೆ, ಆದರೆ ಗ್ರಾಫ್ ಮಾಡಲು ಹೋದರೆ ಏನೂ ಇಲ್ಲ.

ಉತ್ತರ:

ಎಮನ್‌ಸಿಎಂಎಸ್‌ನಲ್ಲಿ ‘ಇನ್‌ಪುಟ್’ ಎಂದರೆ ಈಗ ತಾನೇ ಬಂದ ಅಂಕಿ, ‘ಫೀಡ್’ ಎಂದರೆ ಉಳಿಸಿಟ್ಟ ಅಂಕಿಗಳ ಸಾಲು. ಇನ್‌ಪುಟ್‌ಗೆ ‘ಲಾಗ್ ಟು ಫೀಡ್’ ಎಂಬ ಪ್ರಕ್ರಿಯೆಯನ್ನು ಜೋಡಿಸುವವರೆಗೆ ಯಾವುದೂ ಉಳಿಯುವುದಿಲ್ಲ. ತಿಂಗಳಿಗೆ ಎಷ್ಟು ಯೂನಿಟ್ ಎಂದು ನೋಡಬೇಕಾದರೆ ‘ಪವರ್ ಟು ಕೆಡಬ್ಲ್ಯೂಎಚ್’ ಎಂಬುದನ್ನೂ ಸೇರಿಸಿಕೊಳ್ಳಿ.

ಕೈಪಿಡಿಯ ದೃಷ್ಟಿಯಿಂದ ಇಲ್ಲಿ ಒಂದು ಸೂಕ್ಷ್ಮವಿದೆ. ಫೀಡ್ ಸೃಷ್ಟಿಸುವಾಗ ಅಂತರವನ್ನು, ಅಂದರೆ 10 ಸೆಕೆಂಡಿಗೊಮ್ಮೆಯೋ 60 ಸೆಕೆಂಡಿಗೊಮ್ಮೆಯೋ ಎಂಬುದನ್ನು, ಆರಿಸಬೇಕಾಗುತ್ತದೆ. ಪಿಎಚ್‌ಪಿಫಿನಾ ಎಂಬ ಶೇಖರಣಾ ವಿಧಾನ ಪ್ರತಿ ಅಂಕಿಗೂ 4 ಬೈಟ್ ಜಾಗವನ್ನು ಸಮಾನ ಅಂತರದಲ್ಲಿ ಹಾಸುತ್ತಾ ಹೋಗುವುದರಿಂದ ಆ ಕಡತದ ಅಂತರವನ್ನು ಆಮೇಲೆ ಸುಮ್ಮನೆ ಬದಲಿಸಲಾಗದು. ಹೊಸಬರು ಜಾಗ ಉಳಿಸುವ ಸಲುವಾಗಿ ದೊಡ್ಡ ಅಂತರ ಆರಿಸಿಬಿಡುತ್ತಾರೆ. 10 ಸೆಕೆಂಡಿನ ಒಂದು ಫೀಡ್ ವರ್ಷಕ್ಕೆ ತಿನ್ನುವುದು ಸುಮಾರು 12.6 ಮೆಗಾಬೈಟ್ ಮಾತ್ರ ಎಂಬ ಒಂದು ವಾಕ್ಯ ಆ ಹೆಜ್ಜೆಯಲ್ಲಿದ್ದರೆ ಅವರ ತೀರ್ಮಾನ ಬೇರೆಯಾಗುತ್ತದೆ. ತತ್ತ್ವದ ವಿವರಣೆ ಬೇರೆ ಪುಟದಲ್ಲಿರಲಿ ಎಂದು ಮೇಲೆ ಹೇಳಿದ್ದೆ. ಹಿಂದಕ್ಕೆ ಹೋಗಲಾಗದ ಆಯ್ಕೆಗಳು ಅದಕ್ಕೆ ಅಪವಾದ, ಅಲ್ಲಿ ಕಾರಣವನ್ನು ಸ್ಥಳದಲ್ಲೇ ಕೊಡಬೇಕು.

ಉಪನ್ಯಾಸಕರ ಮರುಪ್ರಶ್ನೆ:

ತುಂಬ ಉಪಯುಕ್ತವಾಯಿತು ಮೇಡಂ. ಇನ್ನೆರಡು ವಿಷಯ. ಇಡೀ ಕೈಪಿಡಿಯನ್ನು ಕನ್ನಡಕ್ಕೆ ತಂದರೆ ಹೇಗೆ? ಮತ್ತು ತಿದ್ದುಪಡಿಗಳನ್ನು ಕಳುಹಿಸಿದರೆ ಯೋಜನೆಯವರು ಒಪ್ಪಿಕೊಳ್ಳುತ್ತಾರೆಯೇ?

ಉತ್ತರ:

ಇಡೀ ಕೈಪಿಡಿ ಬೇಡ ಸರ್. ಮೂಲ ಪುಟ ಬದಲಾದ ದಿನವೇ ಕನ್ನಡ ಪುಟ ಹಳತಾಗುತ್ತದೆ, ಅದನ್ನು ವರ್ಷಗಟ್ಟಲೆ ಹಿಂಬಾಲಿಸುವವರು ಸಿಗುವುದಿಲ್ಲ. ಅದರ ಬದಲು ಅಲ್ಲಿ ಇರಲಾರದ ಒಂದು ಪುಟವನ್ನು ಬರೆಯಿರಿ. ಬ್ರಿಟನ್ನಿನ ಮನೆಗಳಲ್ಲಿ ಹೆಚ್ಚಿನವು ಸಿಂಗಲ್ ಫೇಸ್, ಅಲ್ಲಿನ ಸೂಚನೆಗಳು ಅದನ್ನೇ ಎದುರಿಗಿಟ್ಟುಕೊಂಡಿರುತ್ತವೆ. ನಮ್ಮಲ್ಲಿ ತ್ರೀ ಫೇಸ್ ಸಂಪರ್ಕದ ಮನೆಗಳು ಸಾಕಷ್ಟಿವೆ. ಅಂಥ ಮನೆಗೆ ಮೂರು ಸೆನ್ಸರ್ ಬೇಕು, ವೋಲ್ಟೇಜನ್ನು ಒಂದೇ ಫೇಸಿನಲ್ಲಿ ಅಳೆದು ಉಳಿದೆರಡನ್ನು ಊಹಿಸಿದರೆ ಎಷ್ಟು ನಂಬಬಹುದು ಎಂಬುದನ್ನು ಹೇಳಬೇಕು. ವೋಲ್ಟೇಜ್ ಅಳತೆಗೆ ಬಳಸುತ್ತಿದ್ದುದು 9 ವೋಲ್ಟಿನ ಎಸಿ-ಎಸಿ ಅಡಾಪ್ಟರ್. ಇಲ್ಲಿನ ಅಂಗಡಿಯಲ್ಲಿ ಅಡಾಪ್ಟರ್ ಎಂದು ಕೇಳಿದರೆ ಡಿಸಿ ಕೊಡುವುದನ್ನೇ ಕೈಗಿಡುತ್ತಾರೆ, ಅದರಿಂದ ಅಲೆಯ ಆಕಾರ ಸಿಗದು. ವೋಲ್ಟೇಜ್ ಅಳೆಯದೆ 230 ಎಂದು ಹಿಡಿದರೆ ಏನಾಗುತ್ತದೆ ಎಂಬುದನ್ನೂ ಬರೆಯಿರಿ: ಸಂಜೆ ನಿಮ್ಮ ಊರಿನಲ್ಲಿ ಅದು 200ಕ್ಕೆ ಇಳಿದಿದ್ದರೆ, ಅಂಕಿ ಶೇ. 15ರಷ್ಟು ಹೆಚ್ಚು ತೋರಿಸುತ್ತದೆ. ಈ ಒಂದು ಪುಟವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದರೆ ಇಂಗ್ಲಿಷ್ ಪುಟ ಯೋಜನೆಗೂ ಬೇಕಾಗುವಂಥದ್ದು.

ಒಪ್ಪಿಗೆಯ ವಿಷಯ. ಇಂಥ ಯೋಜನೆಗಳನ್ನು ನಡೆಸುವವರು ಕೆಲವೇ ಜನ, ಅವರ ಬಿಡುವು ಕಡಿಮೆ. ನಲವತ್ತು ಪುಟಗಳನ್ನು ಒಟ್ಟಿಗೆ ಬದಲಿಸಿ ಕಳುಹಿಸಿದರೆ ಅದನ್ನು ಓದಿ ಮುಗಿಸಲು ಯಾರಿಗೂ ಆಗುವುದಿಲ್ಲ. ಒಂದು ಪುಲ್ ರಿಕ್ವೆಸ್ಟ್‌ಗೆ, ಅಂದರೆ ಗಿಟ್‌ಹಬ್ ಮೂಲಕ ಕಳುಹಿಸುವ ತಿದ್ದುಪಡಿಯ ಕೋರಿಕೆಗೆ, ಒಂದೇ ವಿಷಯ ಎಂಬ ನಿಯಮ ಇಟ್ಟುಕೊಳ್ಳಿ. ಯಾವ ಆವೃತ್ತಿಯ ಉಪಕರಣದ ಮೇಲೆ ಪರೀಕ್ಷಿಸಿದಿರಿ, ಮೊದಲು ಏನು ಬರುತ್ತಿತ್ತು, ಈಗ ಏನು ಬರುತ್ತದೆ ಎಂಬುದನ್ನು ಅದರ ಜೊತೆಗೆ ಬರೆಯಿರಿ. ಕಡತಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಬದಲಾವಣೆಯನ್ನೂ ಬರಹ ತಿದ್ದುವ ಬದಲಾವಣೆಯನ್ನೂ ಬೆರೆಸಬೇಡಿ, ಬೆರೆಸಿದರೆ ನಿಜವಾಗಿ ಏನು ಬದಲಾಯಿತೆಂದು ಪರಿಶೀಲಿಸುವವರಿಗೆ ಕಾಣುವುದೇ ಇಲ್ಲ. ಪುಟಗಳ ಜೋಡಣೆಯನ್ನೇ ಬದಲಿಸಬೇಕೆನಿಸಿದರೆ ಬರೆಯುವ ಮೊದಲೇ ಅವರನ್ನು ಕೇಳಿ.

ಇನ್ನು ಪರೀಕ್ಷೆಗೆ ನಿಮ್ಮಲ್ಲಿ ಪ್ರತಿ ವರ್ಷ ಹೊಸ ತರಗತಿ ಬರುತ್ತದೆಯಲ್ಲ ಸರ್. ಉಪಕರಣವನ್ನು ಇನ್ನೂ ಮುಟ್ಟದ ಇಬ್ಬರು ವಿದ್ಯಾರ್ಥಿಗಳ ಕೈಗೆ ಪೆಟ್ಟಿಗೆಯನ್ನೂ ನೀವು ತಿದ್ದಿದ ಪುಟವನ್ನೂ ಕೊಟ್ಟು, ಪ್ರಯೋಗಾಲಯದ ಒಂದು ಲ್ಯಾಂಪ್ ಲೋಡ್‌ಗೆ ಜೋಡಿಸಲು ಹೇಳಿ. ಬಾಯಿ ಬಿಡದೆ ಪಕ್ಕದಲ್ಲಿ ಕುಳಿತು, ಅವರು ಎಲ್ಲೆಲ್ಲಿ ಪುಟದಿಂದ ತಲೆಯೆತ್ತಿ ನಿಮ್ಮ ಮುಖ ನೋಡುತ್ತಾರೋ ಆ ಸಾಲುಗಳನ್ನು ಗುರುತು ಮಾಡಿಕೊಳ್ಳಿ. ಮುಂದಿನ ಪುಲ್ ರಿಕ್ವೆಸ್ಟ್‌ಗಳ ಪಟ್ಟಿ ಅದರಲ್ಲೇ ಸಿಗುತ್ತದೆ.