ಅಪ್‌ಡೇಟ್: ಹಳೇ ಸ್ಟಾಕ್ ಗ್ರೈಂಡರ್ ತಂದೆ, ಡ್ರಿಲ್ ಬಿಟ್ಟೆ
ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ 2016ರ ಸೀಲ್ ಒಡೆಯದ ಆಂಗಲ್ ಗ್ರೈಂಡರ್ (ಡಿಸ್ಕ್ ತಿರುಗಿಸಿ ಲೋಹ ಕತ್ತರಿಸುವ, ಉಜ್ಜುವ ಯಂತ್ರ), ಕಾರ್ಡ್‌ಲೆಸ್ ಡ್ರಿಲ್ ಅರ್ಧ ಬೆಲೆಗೆ ಸಿಗುತ್ತಿವೆ, ತಗೊಳ್ಳಲಾ ಅಂತ ಕೇಳಿದ್ದೆ ಅಲ್ವಾ?

ನೀವು ಹೇಳಿದ ಹಾಗೆ ಅಂಗಡಿಯಲ್ಲೇ ಡ್ರಿಲ್ ಬ್ಯಾಟರಿ ಅಳೆದೆ. 18 ವೋಲ್ಟಿನ ಪ್ಯಾಕ್ ತೋರಿಸಿದ್ದು ಬರೀ 6. ಲಿಥಿಯಂ ಸೆಲ್ ಅಷ್ಟು ಇಳಿದ ಮೇಲೆ ನಂಬುವ ಹಾಗಿಲ್ಲ. ಬಿಟ್ಟು ಬಂದೆ.

ಗ್ರೈಂಡರ್ ಹಾಕಿದ ಕೂಡಲೇ ಗೊರಗೊರ ಸದ್ದು. ಆಫ್ ಮಾಡಿ ಗೇರ್ ಹೆಡ್‌ನ ನಾಲ್ಕು ಸ್ಕ್ರೂ ಬಿಚ್ಚಿದೆ. ಗ್ರೀಸ್ ಒಣಗಿ ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ತುಂಬಿದೆ. ಈಗ ಎಷ್ಟು ನಯವಾಗಿ ತಿರುಗುತ್ತೆ ಗೊತ್ತಾ!

ಜೊತೆಗೆ ಬಂದ ಡಿಸ್ಕ್ ಮಾತ್ರ ದಯವಿಟ್ಟು ಬಳಸಬೇಡಿ. ನಡುವಿನ ಲೋಹದ ಉಂಗುರದ ಮೇಲೆ 2019ಕ್ಕೆ ಅವಧಿ ಮುಗಿಯುತ್ತೆ ಅಂತ ಒತ್ತಿದ್ದರು. ನಿಮಿಷಕ್ಕೆ 11,000 ಸುತ್ತಿನಲ್ಲಿ ಅದು ಸಿಡಿದರೆ ಕಣ್ಣೇ ಹೋಗಬಹುದು. ಮುರಿದು ಎಸೆದೆ. ನಾಳೆ ಹೊಸ ಡಿಸ್ಕ್ ತಂದು ಗೇಟ್ ಕೆಲಸ ಶುರು.